ನಾನು ಕೇಳದ ಹೆಸರು

ರೇಡಿಯೋ ರಿಪೇರಿಗೆ ತರುವವರಲ್ಲಿ ಮುಕ್ಕಾಲು ಪಾಲು ಜನ ಸುಳ್ಳುಗಾರರು. ಕೆಳಗೆ ಬೀಳಿಸಿದ್ದನ್ನು ‘ತಾನಾಗೇ ನಿಂತಿತು’ ಎನ್ನುತ್ತಾರೆ. ಮೊಳೆ ಹಾಕಿ ತಿವಿದದ್ದನ್ನು ‘ಯಾರೂ ಮುಟ್ಟಿಲ್ಲ’ ಎನ್ನುತ್ತಾರೆ. ಹದಿನೈದು ವರ್ಷ ಇಂಥವನ್ನೇ ಕೇಳಿ ನನ್ನ ನಾಲಿಗೆ ಖಾರವಾಗಿತ್ತು. ವಿಜಾಪುರದ ಅಥಣಿ ರಸ್ತೆಯ ನನ್ನ ಅಂಗಡಿಯಿಂದ ಬೈಸಿಕೊಳ್ಳದೆ ರೇಡಿಯೋ ಒಯ್ದವರು ಬಹಳ ಇಲ್ಲ. ‘ಫಕ್ರುದ್ದೀನನ ಕೈ ಛಲೋ, ಬಾಯಿ ಖರಾಬ’ ಎಂದು ತಿಕೋಟಾ, ಬಬಲೇಶ್ವರದವರೆಗೂ ಹೆಸರಾಗಿತ್ತು. ಆದರೆ ನಾನು ಮಾತ್ರ ಆ ಅಂಗಡಿಯಲ್ಲಿ ಕುಳಿತು ಯಾರಿಗೂ ಸುಳ್ಳು ಹೇಳಿದವನಲ್ಲ. ಒಂದೇ ಒಂದು ದಿನ ಹೇಳಿದೆ. ಅದರ ಕಥೆ ಇದು.

ಅದು ಎಪ್ಪತ್ತೆರಡನೆಯ ಇಸವಿ, ಸಂಕ್ರಾಂತಿಯ ಮರುದಿನ, ಶನಿವಾರ. ಯುದ್ಧ ಮುಗಿದು ಒಂದು ತಿಂಗಳಾಗಿತ್ತು. ಮುಂಜಾನೆ ಹತ್ತರ ಹೊತ್ತಿಗೆ ಘೋಣಸಗಿಯಿಂದ ಗಂಡ ಹೆಂಡತಿ ಬಂದರು. ಹೆಂಡತಿ ಪರಸವ್ವ, ಐವತ್ತರ ಆಸುಪಾಸಿನವಳು, ಸೆರಗಿನಲ್ಲಿ ಸುತ್ತಿ ತಂದಿದ್ದ ಟ್ರಾನ್ಸಿಸ್ಟರನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಗಂಡ ಶಾಂತಪ್ಪ ಊರಿನ ಸಿಂಪಿಗ. ಬಟ್ಟೆ ಅಳೆಯುವ ಟೇಪು ಇನ್ನೂ ಅವನ ಕೊರಳಲ್ಲೇ ಇತ್ತು. ತೆಗೆದಿಡುವುದನ್ನು ಮರೆತು ಬಸ್ಸು ಹತ್ತಿದ್ದ.

“ಯಪ್ಪಾ, ಇದು ಮಂಗಳವಾರದಿಂದ ಚಾಲೂನ ಆಗವಲ್ತು. ಇವತ್ತಽ ಮಾಡಿಕೊಡು. ಸಂಜಿ ಏಳಕ್ಕ ಹೆಸರು ಓದತಾರ,” ಎಂದಳು ಪರಸವ್ವ.

“ಯಾರು ಓದತಾರ?”

“ಆ ಕಡೀ ರೇಡಿಯೋದವರು. ಹಿಡದು ಇಟ್ಟಕೊಂಡಾರಲ್ಲ, ನಮ್ಮ ಹುಡುಗರು, ಅವರ ಹೆಸರು.”

ಅವರ ಒಬ್ಬನೇ ಮಗ ದಶರಥ ಮಿಲಿಟರಿಯಲ್ಲಿದ್ದ. ಆ ರೇಡಿಯೋ ಅವನೇ ರಜೆಗೆ ಬಂದಾಗ ತಂದುಕೊಟ್ಟದ್ದು. ಡಿಸೆಂಬರಿನಲ್ಲಿ ಅವರ ಮನೆಗೆ ಒಂದು ಟೆಲಿಗ್ರಾಂ ಬಂತು. ಸತ್ತನೆಂದಲ್ಲ, ಪತ್ತೆಯಾಗಿಲ್ಲ ಎಂದು. ಬದುಕಿದ್ದರೆ ವೈರಿಗಳ ಸೆರೆಯಲ್ಲಿರಬೇಕು, ಸೆರೆಸಿಕ್ಕವರ ಹೆಸರನ್ನು ಆ ದೇಶದ ರೇಡಿಯೋ ಸಂಜೆ ಉರ್ದುವಿನಲ್ಲಿ ಓದುತ್ತದೆ ಎಂದು ತಿಕೋಟಾದ ಒಬ್ಬ ಮಾಜಿ ಸೈನಿಕ ಆಕೆಗೆ ಹೇಳಿದ್ದ. ಸ್ಟೇಷನ್ನು ಹುಡುಕಿಕೊಟ್ಟವನೂ ಅವನೇ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ಪರಸವ್ವ ಗಾಜಿನ ಮೇಲೆ ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದಳು.

“ನಿನಗ ಉರ್ದು ತಿಳೀತದೇನ ಬೇ?” ಎಂದು ಕೇಳಿದೆ.

“ಮಗನ ಹೆಸರು ತಿಳಿಯಾಕ ಉರ್ದು ಯಾಕ ಬೇಕೋ?”

ಆಕೆಗೆ ಮೊದಲೇ ಒಂದು ಮಾತು ಹೇಳಲೇಬೇಕಾಗಿತ್ತು. ಯುದ್ಧ ನಡೆದಾಗ ಒಂದು ದಿನ ನನ್ನ ಅಂಗಡಿಯಲ್ಲಿ ಉರ್ದು ಗಜಲ್ ಹಾಡುತ್ತಿತ್ತು. ಪರಿಚಯದ ಗಿರಾಕಿಯೊಬ್ಬ ಒಳಗೆ ಬಂದು, “ಯಾವ ದೇಶದ ಹಾಡ್ರಿ ಸಾಬ್ರ?” ಎಂದು ನಕ್ಕ. ಬರೀ ನಕ್ಕ, ಅಷ್ಟೇ. ನನ್ನ ಅಜ್ಜ, ಮುತ್ತಜ್ಜ ಇದೇ ಊರಿನ ಮಣ್ಣಿನಲ್ಲಿ ಮಲಗಿದ್ದಾರೆ. ಆದರೂ ಆ ನಗು ಕೇಳಿ ನಾನು ರೇಡಿಯೋ ಬಂದ್ ಮಾಡಿದೆ. ಅಂದಿನಿಂದ ನಾನು ವಿವಿಧ ಭಾರತಿ ಬಿಟ್ಟು ಮುಳ್ಳು ಆಚೀಚೆ ಸರಿಸಿರಲಿಲ್ಲ.

“ಅವ್ವಾ, ಆ ಸ್ಟೇಷನ್ನಿನ ಮಾತು ನನ್ನ ಅಂಗಡ್ಯಾಗ ಬ್ಯಾಡ. ನಾ ಅದನ್ನ ಹಚ್ಚೂದಿಲ್ಲ, ಕೇಳೂದಿಲ್ಲ. ರೇಡಿಯೋ ಮಾಡಿಕೊಡತೀನಿ, ಒಯ್ಯಿ,” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಮಂದೀಗೆ ಅಂಜಿ ಹಂಗ ಅಂತಿ. ಇರ್ಲಿ,” ಎಂದು ಮೆಟ್ಟಿಲ ಮೇಲೆ ಕುಳಿತಳು.

ನಿಂತುಹೋದ ರೇಡಿಯೋ ನೋಡಲು ಒಂದು ಕ್ರಮವಿದೆ. ಹೊರಗಿನಿಂದ ಒಳಗೆ ಹೋಗಬೇಕು. ಹೊಸದಾಗಿ ಕಲಿತವರು ಮೊದಲೇ ಹೊಟ್ಟೆ ಸೀಳಿ ಕೂಡುತ್ತಾರೆ, ಕೊನೆಗೆ ನೋಡಿದರೆ ಸೆಲ್ಲು ಉಲ್ಟಾ ಹಾಕಿರುತ್ತದೆ. ನಾನು ಸೆಲ್ಲುಗಳನ್ನು ತೆಗೆದು ಒಂದೊಂದನ್ನೂ ಟಾರ್ಚಿನ ಬಲ್ಬಿಗೆ ಹಚ್ಚಿ ನೋಡಿದೆ. ಚೆನ್ನಾಗಿ ಹತ್ತಿತು.

“ಹೊಸಾವು. ಆದ್ರೂ ಎರಡು ದಿನ ಬಿಸಲಿಗೆ ಇಟ್ಟಿದ್ದೆ,” ಎಂದಳು ಪರಸವ್ವ.

“ಹೊಸಾ ಸೆಲ್ಲಿಗೆ ಬಿಸಲು ಯಾಕವ್ವಾ? ಅವೇನು ಹಪ್ಪಳ?”

ಆಕೆ ನಗಲಿಲ್ಲ. ಸ್ಪ್ರಿಂಗು ನೋಡಿದೆ, ತುಕ್ಕು ಇರಲಿಲ್ಲ. ಆದರೂ ಮರಳು ಕಾಗದದಿಂದ ಉಜ್ಜಿ ಸೆಲ್ಲು ಕೂಡಿಸಿದೆ. ದನಿಯ ಗುಂಡಿ ತಿರುಗಿಸಿದರೆ ಸ್ವಿಚ್ಚು ಟಕ್ ಎನ್ನುತ್ತಿತ್ತು, ಮುಂದೆ ಉಸಿರಿಲ್ಲ. ಸ್ಪೀಕರಿನ ತಂತಿಗೆ ಒಂದು ಸೆಲ್ಲು ಮುಟ್ಟಿಸಿದೆ, ಕರ್ ಎಂದಿತು. ಅದೂ ಸರಿಯಾಗಿತ್ತು. ಇನ್ನು ಹೊಟ್ಟೆ ಬಿಚ್ಚದೆ ಗತಿಯಿರಲಿಲ್ಲ. ಹಿಂಭಾಗದ ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರುಗಳಿದ್ದವು. ಯಾರೋ ಸ್ಕ್ರೂಡ್ರೈವರ್ ಇಲ್ಲದೆ ಇನ್ನೇನೋ ಹಾಕಿ ಬಿಚ್ಚಿದ್ದರು.

ಒಳಗೆ ನೋಡಿದರೆ ಸೆಲ್ಲಿನ ಡಬ್ಬಿಯಿಂದ ಸ್ವಿಚ್ಚಿಗೆ ಹೋಗುವ ಕೆಂಪು ತಂತಿ ತುಂಡಾಗಿತ್ತು. ಇಲಿ ಕಡಿದದ್ದಲ್ಲ, ಜಗ್ಗಿ ಹರಿದದ್ದೂ ಅಲ್ಲ. ಚೊಕ್ಕವಾಗಿ ಕತ್ತರಿಸಿ, ಎರಡೂ ತುದಿಗಳಿಗೆ ನೀಲಿ ದಾರವನ್ನು ಬಿಗಿಯಾಗಿ ಸುತ್ತಿ, ಸಣ್ಣ ಗಂಟು ಹಾಕಿ ಬಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾಗಿ ರೇಡಿಯೋ ಕೆಡಿಸಿದವರನ್ನು ನಾನು ಕಂಡಿರಲಿಲ್ಲ.

“ಇದರ ಹೊಟ್ಟ್ಯಾಗ ಕೈ ಹಾಕಿದವರು ಯಾರು?” ಎಂದು ಗದರಿದೆ.

“ಯಾರೂ ಇಲ್ಲೋ ಯಪ್ಪಾ. ದೇವರ ಜಗಲೀ ಮ್ಯಾಲ ಇಟ್ಟಿರತೀನಿ. ಯಾರನ್ನೂ ಮುಟ್ಟಗೊಡಂಗಿಲ್ಲ,” ಎಂದಳು ಪರಸವ್ವ.

ನಾನು ಶಾಂತಪ್ಪನ ಕಡೆ ತಿರುಗಿದೆ. ಅವನ ಅಂಗಿಯ ಗುಂಡಿಗಳಿಗೂ ಅದೇ ನೀಲಿ ದಾರದ ಹೊಲಿಗೆ ಇತ್ತು. ಅವನು ಹೆಂಡತಿಗೆ, “ನೀ ಹೋಗಿ ಆ ಮೂಲಿ ನಳದಾಗ ತಂಬಿಗಿ ತುಂಬಿಕೊಂಡು ಬಾ. ಸಾಹೇಬರು ಕೆಲಸ ಮಾಡ್ಲಿ,” ಎಂದ. ಆಕೆ ಎದ್ದು ಹೋದಳು.

ಆಕೆ ರಸ್ತೆ ದಾಟಿದ ಮೇಲೆ ಅವನು ನನ್ನ ಮುಂದೆ ಕೈ ಜೋಡಿಸಿದ.

“ನಾನಽ ಕತ್ತರಿಸೇನ್ರಿ. ನನ್ನ ಕತ್ತರೀಲೆ.”

“ಹುಚ್ಚ ಹಿಡದದೇನ ನಿನಗ? ಹೆಂಡತಿ ಜೀವಾ ಕೈಯಾಗ ಹಿಡಕೊಂಡು ಕುಂತಾಳ, ನೀ ತಂತಿ ಕತ್ತರಸ್ತಿ?”

“ಇಪ್ಪತ್ತು ದಿನ ಆಕೀ ಮಗ್ಗಲಕ ನಾನೂ ಕುಂತೇನ್ರಿ,” ಎಂದ ಶಾಂತಪ್ಪ. ಮಾತು ಮಾತಿಗೂ ರಸ್ತೆಯ ಕಡೆ ನೋಡುತ್ತಿದ್ದ. “ಹೆಸರು ಓದತಾರ, ಓದತಾರ, ಮುಗೀತದ. ಇಂವನ ಹೆಸರು ಬರಂಗಿಲ್ಲ. ಬರಲಿಲ್ಲ ಅಂದ ಕೂಡ್ಲೆ ಆಕಿ ಗ್ವಾಡೀಗೆ ಮಾರಿ ಮಾಡಿ ಮಲಗತಾಳ. ರೊಟ್ಟಿ ಮುಟ್ಟಂಗಿಲ್ಲ. ದಿನಾ ಸಂಜೀಕ ಮಗ ಒಂದೊಂದು ಸಲ ಸಾಯತಾನ್ರಿ ನಮ್ಮ ಮನ್ಯಾಗ. ನನ್ನ ಕೈಲೆ ಆಗಲಿಲ್ಲ. ಮಂಗಳವಾರ ಆಕಿ ನೀರಿಗೆ ಹೋದಾಗ ಕತ್ತರಿಸಿಬಿಟ್ಟೆ.”

“ಆಮ್ಯಾಲ?”

“ಸಂಜೀಕ ಹಚ್ಚಿದಳು, ದನಿ ಇಲ್ಲ. ಎದೀ ಬಡಕೊಂಡು ಅತ್ತಳ್ರಿ, ‘ಇವತ್ತಽ ಬಂದಿರತದ, ನೋಡ್ರಿ, ಇವತ್ತಽ ಅವನ ಹೆಸರು ಓದಿರತಾರ, ನನ್ನ ನಸೀಬ ನೋಡ್ರಿ’ ಅಂತ. ಅತ್ತು ಅತ್ತು ಎದ್ದು ಕುಂತು ಒಂದೂವರಿ ರೊಟ್ಟಿ ಉಂಡಳು. ಇಪ್ಪತ್ತು ದಿನದಾಗ ಮೊದಲನೇ ಸಲ. ನಾಕು ದಿನಾ ಆತು, ಉಣ್ಣಾಕತ್ತಾಳ. ನೀವು ತಂತಿ ಕೂಡಿಸಿದ್ರ ಇವತ್ತ ಸಂಜೀಕ ಮತ್ತ ಬಿಡತಾಳ. ಕೂಡಿಸಬ್ಯಾಡ್ರಿ. ಕೆಟ್ಟದ ಅಂತ ಹೇಳ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ.”

ತಂತಿ ಬೆಸೆಯುವ ಕಾವಿಕೆ ಕಾದು ನನ್ನ ಕೈಯಲ್ಲೇ ಇತ್ತು. ಎರಡು ತುದಿ ಕೂಡಿಸಿ ಒಂದು ಹನಿ ಸೀಸ ಬಿಟ್ಟರೆ ಮುಗಿಯಿತು, ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ನನ್ನ ಅಂಗಡಿಯಿಂದ ಒಂದು ರೇಡಿಯೋ ಸತ್ತದ್ದು ಸತ್ತ ಹಾಗೇ ಹೋಗಿದ್ದಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಕಾವಿಕೆಯನ್ನು ಕೆಳಗಿಟ್ಟೆ.

ಪರಸವ್ವ ನೀರು ತಂದಳು. ಮೊದಲು ನನಗೆ ಕೊಟ್ಟಳು. ನಾನು ಕುಡಿದು, “ಒಳಗ ಒಂದು ಸಾಮಾನು ಸುಟ್ಟದವ್ವಾ. ಮುಂಬಯಿಂದ ಬರಬೇಕು. ತಿಂಗಳ ಮ್ಯಾಲ ಆಗತದ,” ಎಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ಶಾಂತಪ್ಪ ಕೇಳಿಕೊಂಡದ್ದು ಇಷ್ಟನ್ನೇ. ಆದರೆ ಆಕೆ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು.

“ಯಪ್ಪಾ, ನಿನ್ನ ಹತ್ತರ ಹತ್ತು ರೇಡಿಯೋ ಅದಾವು. ಮಂದೀ ಮುಂದ ಕೇಳೂದಿಲ್ಲ ಅಂತಿ, ಖರೆ. ಕದಾ ಹಾಕಿಕೊಂಡರ ಒಮ್ಮಿ ಕೇಳಿರತಿ. ಮಂಗಳವಾರ ಸಂಜೀಕ ಕೇಳಿದ್ದೇನು? ದಶರಥ ಶಾಂತಪ್ಪ ಅಂತ ಬಂತೇನು?”

ಇಲ್ಲ ಎನ್ನಲು ಬಾಯಿ ತೆರೆದೆ. ಆಕೆಯ ಕಣ್ಣು ನನ್ನ ತುಟಿಯ ಮೇಲೇ ನೆಟ್ಟಿತ್ತು.

“ಬಂತವ್ವಾ,” ಎಂದೆ.

ಶಾಂತಪ್ಪ ಕತ್ತೆತ್ತಿ ನನ್ನನ್ನು ನೋಡಿದ ರೀತಿ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ಪರಸವ್ವ ಕೂಗಲಿಲ್ಲ, ಅಳಲಿಲ್ಲ. ತಂಬಿಗೆ ಕೆಳಗಿಟ್ಟು ನನ್ನ ಕಾಲು ಮುಟ್ಟಲು ಬಾಗಿದಳು. ನಾನು ಹಾವು ಕಂಡವನ ಹಾಗೆ ಹಿಂದೆ ಸರಿದೆ. “ಯಾರ ಮುಂದೂ ಬಾಯಿ ಬಿಡಂಗಿಲ್ಲೋ ನನ್ನಪ್ಪಾ. ನಿನಗ ತ್ರಾಸ ಆಗಬಾರದು,” ಎಂದಳು. ಎದುರಿನ ಅಂಗಡಿಗೆ ಹೋಗಿ ಸಕ್ಕರೆ ತಂದು ನನ್ನ ಅಂಗೈಗೆ ಸುರಿದಳು. ನಾನು ತಿಂದೆ. ತಿನ್ನದೆ ಏನು ಮಾಡಲಿ? ರೇಡಿಯೋ ನನ್ನ ಹತ್ತಿರವೇ ಬಿಟ್ಟು ಹೋದಳು. ಅವಳಿಗೆ ಇನ್ನು ಅದರ ಗರಜು ಇರಲಿಲ್ಲ.

ಆ ವರ್ಷವಿಡೀ ಆಕೆ ನಾಲ್ಕೈದು ಸಲ ಬಂದಳು. ಒಮ್ಮೆ ಎಳೆ ಜೋಳದ ಸೀತನಿ, ಒಮ್ಮೆ ಶೇಂಗಾ ಚಟ್ನಿ ಹಿಂಡಿ, ಒಮ್ಮೆ ನನ್ನ ಹೆಂಡತಿ ದಾವಲಬಿಗೆಂದು ಶಾಂತಪ್ಪ ಹೊಲಿದ ಕುಬಸ. ಮೈ ಕೈ ತುಂಬಿಕೊಂಡಿದ್ದಳು. ರೇಡಿಯೋ ಬಗ್ಗೆ ಕೇಳುತ್ತಿರಲಿಲ್ಲ. “ಬರತಾನ ತಗೋ. ಸರಕಾರದ ಕೆಲಸ, ತಡಾ ಆಗತದ,” ಎಂದು ನನಗೇ ಸಮಾಧಾನ ಹೇಳಿ ಹೋಗುತ್ತಿದ್ದಳು. ಸತ್ಯ ಹೇಳಿಬಿಡಬೇಕೆಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಆಕೆಯ ಮುಖ ನೋಡಿ ಬಾಯಿಗೆ ಬೀಗ ಬೀಳುತ್ತಿತ್ತು. ಊರಿಗೆಲ್ಲ ಬೈಯುವ ಗಂಡಸು ನಾನು. ಒಬ್ಬ ಮುದುಕಿಯ ಮುಂದೆ ಹೇಡಿಯಾಗಿದ್ದೆ.

ಶ್ರಾವಣದಲ್ಲಿ ಶಾಂತಪ್ಪ ಒಬ್ಬನೇ ಬಂದ. ಕೈಯಲ್ಲಿ ಕಾಗದ ಸುತ್ತಿದ ಒಂದು ಅಂಗಿ. ಬಿಚ್ಚಿ ಮೇಜಿನ ಮೇಲೆ ಹರವಿದ. ಬಿಳಿಯ ಟೆರಿಲಿನ್, ಕಾಲರಿನ ಹೊಲಿಗೆ ನೋಡುವ ಹಾಗಿತ್ತು.

“ದಶರಥಗ ಹೊಲದೇನ್ರಿ. ಹಳೇ ಅಳತಿ ಇತ್ತು. ಸೆರಿಮನಿ ಊಟ, ಸಣ್ಣಾಗಿರತಾನ ಅಂತ ಎರಡು ಬಟ್ಟು ಕಡಿಮಿ ಹಿಡದೇನಿ,” ಎಂದ.

ಅವನು ಅಂಗಿಯ ತೋಳನ್ನು ನೀವುತ್ತ, ನನ್ನ ಕಡೆ ನೋಡದೆ ಕೇಳಿದ. “ಸಾಹೇಬ್ರ, ಅವತ್ತು ಖರೇನ ಕೇಳಿದ್ರೇನ್ರಿ ನೀವು?”

ತಂತಿ ಕತ್ತರಿಸಿದವನೇ ಕೇಳುತ್ತಿದ್ದ! ಅವತ್ತು ನನ್ನ ಬಾಯಿಂದ ಸುಳ್ಳು ಹೊರಟದ್ದನ್ನು ಕಣ್ಣಾರೆ ಕಂಡವನು. ಅವನಿಗೂ ಸುಳ್ಳು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಬೇಕು ಅನ್ನಿಸಿತು.

“ಇಲ್ಲೋ ಶಾಂತಪ್ಪಾ. ನಾ ಕೇಳಿಲ್ಲ.”

“ಗೊತ್ತಿತ್ತರಿ,” ಎಂದ. ಬಹಳ ಹೊತ್ತು ಅಂಗಿ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. “ಗೊತ್ತಿದ್ದರೂ ಹೊಲದೆ ನೋಡ್ರಿ. ಆಕೀಗೆ ಹೇಳಬ್ಯಾಡ್ರಿ.” ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಸುತ್ತಿಕೊಂಡು ಬಸ್ಸಿಗೆ ಹೋದ.

ಆ ವರ್ಷದ ಡಿಸೆಂಬರಿನಲ್ಲಿ ಎರಡೂ ದೇಶಗಳು ಗಡಿಯಲ್ಲಿ ಸೆರೆಯಾಳುಗಳನ್ನು ಬದಲಿಸಿಕೊಂಡವು. ಪತ್ರಿಕೆಯಲ್ಲಿ ಫೋಟೋ ಬಂದವು, ಹಾರ ಹಾಕಿಸಿಕೊಂಡು ನಗುವ ಹುಡುಗರದ್ದು. ನಾನು ಭೂತಗನ್ನಡಿ ಹಿಡಿದು ಒಂದೊಂದು ಮುಖ ನೋಡಿದೆ. ದಶರಥನ ಮುಖ ನಾನು ಕಂಡವನೇ ಅಲ್ಲ, ಆದರೂ ನೋಡಿದೆ. ನನ್ನ ಸುಳ್ಳನ್ನು ದೇವರು ಒಮ್ಮೆ ಸತ್ಯ ಮಾಡಿಬಿಡಲಿ ಎಂದು ಐದು ಹೊತ್ತೂ ಬೇಡಿಕೊಂಡೆ. ದಶರಥ ಬರಲಿಲ್ಲ.

ಜನವರಿಯಲ್ಲಿ ಪರಸವ್ವ ಒಬ್ಬಳೇ ಬಂದಳು. ಸೋತ ಮುಖವಲ್ಲ. ಜಗಳಕ್ಕೆ ಹೊರಟ ಮುಖ.

“ಇಟ್ಟಕೊಂಡಾರೋ ಯಪ್ಪಾ! ನನ್ನ ಮಗನ್ನ ಕೊಡದಽ ಇಟ್ಟಕೊಂಡಾರ. ಹೆಸರು ಓದಿ ಈಗ ಇಲ್ಲ ಅಂದ್ರ ಹ್ಯಾಂಗ? ಸೈನಿಕ ಬೋರ್ಡಿನ ಆಫೀಸಿಗೆ ಹೋಗಿದ್ದೆ. ರೇಡಿಯೋದಾಗ ಹೆಸರು ಕೇಳಿದವರು ಇದ್ದರ ಬರದು ಸಹಿ ಮಾಡಲಿ, ಮ್ಯಾಲಕ ಕಳಸ್ತೀವಿ ಅಂದಾರ. ನೀ ಒಮ್ಮಿ ಬಾ. ನಿನ್ನ ಕಿವೀಲೆ ಕೇಳಿದವ ನೀ ಒಬ್ಬನಽ.”

ಮಾಡಿದ್ದುಣ್ಣೋ ಮಾರಾಯ ಎನ್ನುವುದು ನನಗಾಗಿಯೇ ಇದ್ದ ಗಾದೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಆಕೆಯನ್ನು ಒಳಗೆ ಸ್ಟೂಲಿನ ಮೇಲೆ ಕೂಡಿಸಿ, ಕೆಳಗೆ ಕುಳಿತೆ.

“ಅವ್ವಾ, ನಾ ಪಾಪಿ ಅದೀನಿ. ನಾ ಅವತ್ತು ಯಾವ ಹೆಸರೂ ಕೇಳಿಲ್ಲ. ಆ ಸ್ಟೇಷನ್ ನಾ ಹಚ್ಚೇ ಇಲ್ಲ. ನಿನ್ನ ಸಂಕಟ ನೋಡಲಾರದ ಸುಳ್ಳು ಹೇಳಿದೆ.”

ಆಕೆ ನನ್ನನ್ನು ನೋಡಿದಳು. ಆಮೇಲೆ ಬಾಗಿಲಿನಾಚೆ ರಸ್ತೆಯನ್ನು ನೋಡಿದಳು. ಸ್ಟೂಲು ನನ್ನ ಹತ್ತಿರಕ್ಕೆ ಎಳೆದುಕೊಂಡು ಪಿಸುದನಿಯಲ್ಲಿ ಕೇಳಿದಳು.

“ಯಾರರ ಅಂಜಿಸ್ಯಾರೇನು ನಿನಗ?”

“ಇಲ್ಲವ್ವಾ, ಯಾರೂ ಇಲ್ಲ. ಸುಳ್ಳು ಅದು. ನನ್ನ ಮಕ್ಕಳ ಆಣಿ.”

“ಮಕ್ಕಳ ಮ್ಯಾಲ ಆಣಿ ಇಡಬ್ಯಾಡ, ಹುಚ್ಚಪ್ಪಾ,” ಎಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. “ಅಂಜಿಕಿ ಇದ್ದವರಽ ಹಿಂಗ ಆಣಿ ಇಡತಾರ. ಅವತ್ತು ನೀ ‘ಬಂತವ್ವಾ’ ಅಂದಾಗ ನಿನ್ನ ಕಣ್ಣಾಗ ನೀರು ಇತ್ತು. ಸುಳ್ಳು ಹೇಳಾವಗ ನೀರು ಬರತದೇನು? ತಿಳೀತು ಬಿಡು. ಆ ರೇಡಿಯೋ ಕೇಳಿದೆ ಅಂತ ಸಹಿ ಮಾಡಿದ್ರ ನಾಳೆ ನಿನ್ನ ಅಂಗಡೀ ಮುಂದ ಮಂದಿ ಏನರ ಅಂದಾರು. ನನಗ ತಿಳೀಲಿಲ್ಲ ನೋಡು. ಮಗನ ಚಿಂತ್ಯಾಗ ನಿನ್ನ ಚಿಂತಿ ಮರತೆ.”

ನಾನು ಅತ್ತೆ. ಕೈಮುಗಿದು ಹೇಳಿದೆ, ಗೋಡೆಗೆ ತಲೆ ಬಡಿದುಕೊಂಡು ಹೇಳಿದೆ. ಅತ್ತಷ್ಟೂ ಆಕೆಗೆ ನನ್ನ ಭಯ ಖಾತ್ರಿಯಾಗುತ್ತಾ ಹೋಯಿತು. ಸೆರಗಿನಿಂದ ನನ್ನ ಕಣ್ಣೊರೆಸಿ ಎದ್ದು ಹೊರಟಳು. ನಾನು ಅಂಗಡಿ ತೆರೆದೇ ಬಿಟ್ಟು ಹಿಂದೆ ಓಡಿದೆ.

ಆಫೀಸಿನಲ್ಲಿ ಗುಮಾಸ್ತ ರೇವಪ್ಪ ಒಳ್ಳೆಯ ಮನುಷ್ಯ. ಆಕೆಗೆ ಕುರ್ಚಿ ಹಾಕಿಸಿ, ಕಾಗದ ಮುಂದಿಟ್ಟುಕೊಂಡು ಕೇಳುತ್ತಿದ್ದ. ನಾನು ಬಾಗಿಲಿಗೆ ಬರುವಷ್ಟರಲ್ಲಿ, “ಯಾರು ಕೇಳ್ಯಾರವ್ವಾ ಹೆಸರು?” ಎಂಬ ಮಾತು ಕಿವಿಗೆ ಬಿತ್ತು.

“ಸಾಹೇಬ್ರ, ನಾ ಸ್ವಲ್ಪ ಹೇಳೂದೈತಿ,” ಎಂದೆ.

ರೇವಪ್ಪ ತಲೆಯೆತ್ತಿ, “ಇವರು ಯಾರವ್ವಾ?” ಎಂದ.

ಪರಸವ್ವ ತಿರುಗಿ ನನ್ನನ್ನು ನೋಡಿದಳು. ಬೆಂಕಿಯ ಹತ್ತಿರ ಹೋಗುವ ಕೂಸನ್ನು ತಾಯಿ ಕಣ್ಣಲ್ಲೇ ಗದರುತ್ತಾಳಲ್ಲ, ಹಾಗೆ. “ಯಾರೋ ಏನೋ ರಿ. ನನಗ ಗುರುತಿಲ್ಲ. ಅವರು ತಮ್ಮ ಕೆಲಸಕ್ಕ ಬಂದಿರಬೇಕು,” ಎಂದಳು. “ಬರಕೋರಿ. ಹೆಸರು ನಾನಽ ಕೇಳೇನಿ. ಹೋದ ವರ್ಷ, ಸಂಕ್ರಾಂತಿಗಿಂತ ಮೊದಲಿನ ಮಂಗಳವಾರ, ಸಂಜೀ ಏಳಕ್ಕ. ದಶರಥ ಶಾಂತಪ್ಪ, ಘೋಣಸಗಿ, ಜಿಲ್ಲಾ ವಿಜಾಪುರ. ಎಲ್ಲಾ ಓದಿದರು. ನಮ್ಮ ಮನೀ ರೇಡಿಯೋದಾಗಽ.”

ರೇವಪ್ಪ ಬರೆದುಕೊಂಡ. ನಾನು ಅಲ್ಲೇ ನಿಂತಿದ್ದೆ. ಸುಳ್ಳು ಎಂದು ನಾನು ಕೂಗಿದರೆ, ಆಕೆಯನ್ನು ಸುಳ್ಳುಗಾತಿ ಎಂದ ಹಾಗೆ. ಆ ಆಫೀಸಿನವರ ಮುಂದೆ, ಮಗನನ್ನು ಕಳೆದುಕೊಂಡ ತಾಯಿಯನ್ನು. ಆಕೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದಳು. ಸರಿಯಾಗಿ ಮೂಡಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಲು ಹೋದಳು. ರೇವಪ್ಪ ಸಾಕವ್ವಾ ಎಂದ.

ಹೊರಗೆ ಬಂದ ಮೇಲೆ ನನ್ನ ಕಡೆ ನೋಡದೆ ಮುಂದೆ ಮುಂದೆ ನಡೆದಳು. ಬೇವಿನ ಗಿಡದ ಹತ್ತಿರ, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ನಿಂತಳು. ಮಸಿ ಹತ್ತಿದ ಕೈಯಿಂದಲೇ ನನ್ನ ಕೈ ಹಿಡಿದಳು.

“ಮನೀಗೆ ಹೋಗೋ ನನ್ನಪ್ಪಾ, ಅಂಜಬ್ಯಾಡ,” ಎಂದಳು. “ನಿನ್ನ ಹೆಸರು ಎಲ್ಲೂ ಬರಗೊಟ್ಟಿಲ್ಲ.”